ಕಾಂಟಾ ಮೂಕಾದ ಮುಂಜಾನೆ

ಅಣ್ಣಿಗೇರಿಯಲ್ಲಿ ನಮ್ಮ ಕಾಕಾನದು ಕಾಳುಕಡಿ ಅಂಗಡಿ. ಲೆಕ್ಕ ಬರೆಯೋದು ನನ್ನ ಪಾಲು. ಎಲೆಕ್ಟ್ರಾನಿಕ್ ಕಾಂಟಾದಿಂದ ಕಂಪ್ಯೂಟರಿಗೆ ಒಂದು ಯುಎಸ್‌ಬಿ ವಾಯರು ಬರುತ್ತದೆ. ಚೀಲ ಇಟ್ಟ ಕೂಡಲೇ ತೂಕ ತಾನಾಗಿ ಪಟ್ಟಿಯೊಳಗೆ ಬೀಳುತ್ತದೆ. ಕಂಪ್ಯೂಟರಿನಲ್ಲಿರುವ ಉಬುಂಟು ಎಂಬ ಲಿನಕ್ಸನ್ನು 20.04ರಿಂದ 22.04ಕ್ಕೆ ಏರಿಸಿದ ಮರುದಿನವೇ, ಅದೂ ಕಡ್ಲಿ ಸುಗ್ಗಿಯ ನಡುವೆ, ಬೀಳುವುದು ನಿಂತಿತು. ಕಾಂಟಾದ ಮೇಲೆ 50.200, ಪರದೆಯ ಮೇಲೆ ಖಾಲಿ. ಹೊರಗೆ ಎರಡು ಟ್ರ್ಯಾಕ್ಟರ್.

“ಚಲೋ ಇದ್ದದ್ದನ್ನ ಯಾಕ ಕೆದರಿದಿಪಾ?” ಅಂದ ಕಾಕಾ. ಅವತ್ತು ಪಟ್ಟಿ ಕೈಯಲ್ಲೇ ಬರೆದೆ. ಅಂಗಡಿ ಮುಚ್ಚಿದ ಮೇಲೆ ಕೂತೆ.

ಲಿನಕ್ಸ್‌ನ ತಿರುಳಿಗೆ ಕರ್ನೆಲ್ ಅಂತಾರೆ. ಲೋಕದ ಎಲ್ಲ ಸಾಮಾನಿನ ಭಾಷೆಯನ್ನೂ ಅದು ಸದಾ ಹೊತ್ತು ತಿರುಗುವುದಿಲ್ಲ. ಒಂದೊಂದಕ್ಕೆ ಒಂದೊಂದು ಮಾಡ್ಯೂಲ್ ಡಿಸ್ಕಿನಲ್ಲಿ ಮಲಗಿರುತ್ತದೆ. ನಮ್ಮ ಹಮಾಲರ ಹಾಗೆ, ಗಾಡಿ ಬಂದಾಗಷ್ಟೇ ಕರೆ. ವಾಯರು ಸಿಕ್ಕಿಸಿದರೆ ಅದು ತನ್ನ ನಂಬರು ಹೇಳುತ್ತದೆ. ನಮ್ಮದರ ಸಿಎಚ್340 ಚಿಪ್ಪಿನದು 1ಎ86:7523. ಯುಡೆವ್ ಎಂಬ ಮುಕಾದಮ ಆ ನಂಬರು ಹಿಡಿದು ಪುಸ್ತಕ ತೆಗೆಸುತ್ತಾನೆ, ಅದರಲ್ಲಿ ಸಿಎಚ್341 ಎಂದಿರುತ್ತದೆ, ಆ ಮಾಡ್ಯೂಲ್ ಎದ್ದು ಬರುತ್ತದೆ.

ಎಲ್‌ಎಸ್‌ಯುಎಸ್‌ಬಿ ಆಜ್ಞೆಗೆ ನಂಬರು ಕಂಡಿತು, ಅಂದರೆ ವಾಯರು ಗಟ್ಟಿ. ಓಡುತ್ತಿರುವ ಕರ್ನೆಲ್ ಒಂದು, ಮಾಡ್ಯೂಲುಗಳ ಫೋಲ್ಡರ್ ಇನ್ನೊಂದು ಆವೃತ್ತಿಯದಾದರೂ ಕರೆ ಮುಟ್ಟುವುದಿಲ್ಲ; ಎರಡೂ ಹೊಂದಿದ್ದವು. ಆಮೇಲೆ ಬ್ಲ್ಯಾಕ್‌ಲಿಸ್ಟ್. ಇದೊಂದು ತಮಾಷೆಯ ಬಹಿಷ್ಕಾರ: ಅದರಲ್ಲಿ ಹೆಸರು ಬಿದ್ದ ಮಾಡ್ಯೂಲ್ ನಂಬರು ನೋಡಿ ಕರೆದರೆ ಬರುವುದಿಲ್ಲ, ಮಾಡ್‌ಪ್ರೋಬ್‌ನಿಂದ ಹೆಸರು ಹಿಡಿದು ಕರೆದರೆ ಬಂದುಬಿಡುತ್ತದೆ. ಕೈಯಿಂದ ಎಬ್ಬಿಸಿದಾಗ ದುಡಿದು, ಮರುದಿನ ಮತ್ತೆ ಮಲಗುವ ಮಾಡ್ಯೂಲ್ ಕಂಡರೆ ಮೊದಲು ಅಲ್ಲಿ ಹುಡುಕಿ. ನಮ್ಮದು ಅಲ್ಲೂ ಇರಲಿಲ್ಲ. ಕೊನೆಗೆ, ಎದ್ದಿರುವ ಮಾಡ್ಯೂಲುಗಳ ಹೆಸರು ತೋರಿಸುವ ಎಲ್‌ಎಸ್‌ಮಾಡ್ ನೋಡಿದರೆ ಸಿಎಚ್341 ಆಗಲೇ ಬಂದು ಕೂತಿದೆ! ಇದನ್ನೇ ಮೊದಲು ನೋಡಿದ್ದರೆ ಊಟ ಆರುತ್ತಿರಲಿಲ್ಲ.

ಗುಟ್ಟು ಬಿಚ್ಚಿದ್ದು ಕರ್ನೆಲ್‌ನ ದಿನಚರಿ, ಡಿಎಂಇಎಸ್‌ಜಿ. ಸಿಎಚ್341 ಬಂದು ಟಿಟಿವೈಯುಎಸ್‌ಬಿ0 ಎಂಬ ಬಾಗಿಲು ತೆರೆದಿತ್ತು. ಅದರ ಬೆನ್ನಿಗೇ ಬಿಆರ್‌ಎಲ್‌ಟಿಟಿವೈ ಎಂಬುದು ವಾಯರು ಕಸಿದುಕೊಂಡು ಬಾಗಿಲು ಮುಚ್ಚಿಸಿತ್ತು. ಯಾರಪ್ಪಾ ಇವನು? ಕಣ್ಣು ಕಾಣದವರ ಬ್ರೈಲ್ ಯಂತ್ರಕ್ಕೆ ಪರದೆಯ ಅಕ್ಷರ ಮುಟ್ಟಿಸುವ ತಂತ್ರಾಂಶ. ಒಂದು ಬಗೆಯ ಬ್ರೈಲ್ ಯಂತ್ರದ ಒಳಗೂ ಇದೇ ಚಿಪ್, ಇದೇ ನಂಬರು. ನಮ್ಮ ಕಾಂಟಾವನ್ನು ಅದು ಬ್ರೈಲ್ ಯಂತ್ರ ಎಂದೇ ನಂಬಿತ್ತು.

ಈ ತೊಂದರೆ ಬಂದವರು ಸಾಮಾನ್ಯವಾಗಿ ಆ ತಂತ್ರಾಂಶವನ್ನೇ ಕಿತ್ತುಹಾಕುತ್ತಾರೆ. ನನಗೆ ಮನಸ್ಸಾಗಲಿಲ್ಲ. ಕಾಣದವರೊಬ್ಬರು ಬಂದು ಕೂತರೆ ಮೊದಲ ಗಳಿಗೆಯಿಂದಲೇ ಬೆರಳಿಗೆ ಅಕ್ಷರ ಸಿಗಲಿ ಅಂತಲ್ಲವೇ ಅದನ್ನು ಮೊದಲೇ ಹಾಕಿ ಕೊಡೋದು? ಅದರ ಯುಡೆವ್ ನಿಯಮಗಳ ಫೈಲನ್ನು ಅದೇ ಹೆಸರಿನಲ್ಲಿ ಇಟಿಸಿ ಫೋಲ್ಡರಿನ ಯುಡೆವ್ ನಿಯಮಗಳ ಜಾಗಕ್ಕೆ ನಕಲು ಮಾಡಿ, 7523 ಇದ್ದ ಸಾಲಿನ ಮುಂದೆ, ಅದನ್ನು ಯುಡೆವ್ ಓದದಂತೆ, ಒಂದು # ಇಟ್ಟೆ. ಅಲ್ಲಿಟ್ಟ ನಕಲಿನ ಮಾತೇ ನಡೆಯುತ್ತದೆ, ಅಪ್‌ಡೇಟ್ ಬಂದರೂ ಅಳಿಯುವುದಿಲ್ಲ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ.

ಮರುದಿನ ಮೊದಲ ಚೀಲದ 50.150 ಪಟ್ಟಿಯೊಳಗೆ ತಾನೇ ಬಿತ್ತು. ಕಾಕಾ ಒಮ್ಮೆ ಇಣುಕಿ ನೋಡಿ “ಹೂಂ” ಅಂದ. ಕೈಪಟ್ಟಿಯ ಪುಸ್ತಕ ಮಾತ್ರ ಇನ್ನೂ ಗಲ್ಲಾದ ಮೇಲೇ ಇದೆ.