ಇಂಜಿನು ಹಿಡಿದುಕೊಂಡಾಗ

ಬೆಂಗಳೂರಿನಿಂದ ಹೊರಟವರಿಗೆ ನೆಲಮಂಗಲದಲ್ಲಿ ದಾರಿ ಎರಡಾಗುತ್ತದೆ. ಒಂದು ತುಮಕೂರಿನ ಕಡೆಗೆ, ಇನ್ನೊಂದು ಕುಣಿಗಲ್, ಹಾಸನಗಳ ಮೇಲೆ ಮಂಗಳೂರಿನ ಕಡೆಗೆ. ಹಬ್ಬದ ಹಿಂದಿನ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಿಗೆ ಹೊರಟ ಕಾರು ಈ ಕವಲಿನ ಬಳಿ ಇದ್ದಕ್ಕಿದ್ದಂತೆ ನಿಂತುಹೋಯಿತೆನ್ನಿ. ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದೇ ಸದ್ದು. ಯಾರೋ ಬಂದು ಬಾನೆಟ್ಟಿನೊಳಗೆ ಇಣುಕಿ, "ಇಂಜಿನ್ ಸೀಜ್ ಆಗಿದೆ ಸಾರ್, ಇಳಿಸಬೇಕು" ಎನ್ನುತ್ತಾರೆ. ಆ ಒಂದು ಮಾತಿಗೆ ಯಜಮಾನರ ಎದೆ ಝಲ್ಲೆನ್ನುತ್ತದೆ. ಹಳೆಯ ಕಾರಾದರೆ ದುರಸ್ತಿಯ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು. ಆದರೆ ಆ ಮಾತು ನಿಜವೋ ಅಲ್ಲವೋ ಎಂದು ಪರೀಕ್ಷಿಸುವ ಕ್ರಮವೊಂದುಂಟು. ಅದನ್ನು ಅರಿತರೆ ಗಾಬರಿಯೂ ಕಡಮೆ, ನಷ್ಟವೂ ಕಡಮೆ.

ಇಂಜಿನು ಹಿಡಿದುಕೊಳ್ಳುವುದೆಂದರೇನು? ಕ್ರ್ಯಾಂಕು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ 50 ಸಲ ಮೇಲೇರಿ ಕೆಳಗಿಳಿಯುತ್ತದೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ನಿಂತು ಕಾಯುವುದು ಆಯಿಲಿನ ತೆಳುವಾದ ಪೊರೆ. ಆಯಿಲು ಸೋರಿ ಬರಿದಾದರೆ ಬೇರಿಂಗು ಒಣಗಿ ಕ್ರ್ಯಾಂಕನ್ನು ಕಚ್ಚಿಕೊಳ್ಳುತ್ತದೆ. ರೇಡಿಯೇಟರಿನ ನೀರು ಬತ್ತಿದರೆ ಇನ್ನೊಂದು ಬಗೆಯ ಅಪಾಯ: ಅಲ್ಯುಮಿನಿಯಮ್ಮಿನ ಪಿಸ್ಟನ್ನು ಶಾಖಕ್ಕೆ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಮಿತಿಮೀರಿ ಕಾದಾಗ ಸಿಲಿಂಡರಿನ ಗೋಡೆಗೆ ಬಿಗಿಯಾಗಿ ಕೂತುಬಿಡುತ್ತದೆ. ಮೂರನೆಯದು ನೀರು ಕುಡಿದ ಇಂಜಿನು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ನು ಮೇಲೇರಲಾರದೆ ಅದರ ರಾಡು ಬಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಬಡಾವಣೆಗಳಿಗೆ ನೀರು ನುಗ್ಗಿ ಕಾರುಗಳು ಮುಳುಗಿದಾಗ ಈ ಭಯವೇ ದೊಡ್ಡದಾಗಿತ್ತು. ಮುಳುಗಿದ ಕಾರಿನ ಕೀಲಿಯನ್ನು ಮುಟ್ಟದಿರುವುದೇ ಅಲ್ಲಿ ಮೊದಲ ಚಿಕಿತ್ಸೆ.

ರಸ್ತೆಯಲ್ಲಿ ನಿಂತಾಗ ಮೊದಲು ಜನರ ಕ್ಷೇಮ, ಆಮೇಲೆ ಯಂತ್ರದ ಕ್ಷೇಮ. ಎಚ್ಚರಿಕೆಯ ದೀಪ ಹಾಕಿ, ಎಲ್ಲರನ್ನೂ ರಸ್ತೆಯಿಂದ ಆಚೆಗೆ ಕಳುಹಿಸಿ, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಫೋನು ಮಾಡಬೇಕು. ಸ್ಥಳ ಹೇಳುವಾಗ ಒಂದು ಎಚ್ಚರ: ಹಿಂದೆ 4 ಎಂದು ಕರೆಯುತ್ತಿದ್ದ ತುಮಕೂರಿನ ಹೆದ್ದಾರಿ ಈಗ 48, ಹಿಂದೆ 48 ಎನಿಸಿದ್ದ ಹಾಸನದ ಹೆದ್ದಾರಿ ಈಗ 75. ಹಳೆಯ ರೂಢಿಯಲ್ಲಿ 48 ಎಂದುಬಿಟ್ಟರೆ ನೆರವಿನ ವಾಹನ ಬೇರೆ ದಾರಿ ಹಿಡಿದೀತು. ಕಿಲೋಮೀಟರು ಕಲ್ಲಿನ ಸಂಖ್ಯೆಯನ್ನೂ ಹೇಳಿ. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬೇಡಿ. ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಗೇರಿನಲ್ಲಿಟ್ಟು ತಳ್ಳಿಸಲೂ ಬೇಡಿ.

ಇನ್ನು ಪರೀಕ್ಷೆ. ದೊಡ್ಡ ರೋಗವನ್ನು ಶಂಕಿಸುವ ಮುನ್ನ ಸಣ್ಣ ರೋಗವನ್ನು ನೋಡಬೇಕು. ಮುಂದಿನ ದೀಪ ಹೊತ್ತಿಸಿ ಸೆಲ್ಫ್ ಹೊಡೆಯಿರಿ. ದೀಪ ಮೊದಲೇ ಮಂಕಾಗಿದ್ದರೆ ಬ್ಯಾಟರಿಯ ದೋಷ. ದೀಪ ಕುಗ್ಗದೆ ಬರಿಯ 'ಟಕ್' ಸದ್ದು ಬಂದರೆ ಸೆಲ್ಫ್ ಮೋಟಾರು ಇಲ್ಲವೆ ವೈರಿನ ಮೇಲೆ ಅನುಮಾನ. ಒಳ್ಳೆಯ ಬ್ಯಾಟರಿ ಜೋಡಿಸಿದರೂ ದೀಪ ತೀರ ಕುಗ್ಗಿ ಇಂಜಿನು ಅಲುಗದಿದ್ದರೆ ಏನೋ ಬಿಗಿದಿದೆ ಎಂದರ್ಥ.

ಆಗ ಆಯಿಲಿನ ಕಡ್ಡಿ ಎಳೆದು ನೋಡಬೇಕು. ಕಡ್ಡಿ ಒಣಗಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಆಯಿಲು ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಲೋಹದ ಪುಡಿ ಮಿನುಗಿದರೆ ಒಳಗೆ ಸವೆದಿದೆ. ಮುಂದಿನದು ಮೆಕ್ಯಾನಿಕ್ಕನ ಕೆಲಸ. ಬ್ಯಾಟರಿಯ ವೈರು ಬಿಚ್ಚಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದದ ಸ್ಪ್ಯಾನರು ಹಾಕಿ, ಇಂಜಿನು ತಿರುಗುವ ದಿಕ್ಕಿನಲ್ಲೇ ಮೆಲ್ಲಗೆ ತಿರುಗಿಸಬೇಕು. ತಿರುಗದಿದ್ದರೆ ಹೊರಗಿನ ಬೆಲ್ಟನ್ನು ತೆಗೆದು ಮತ್ತೆ ನೋಡಬೇಕು. ಈಗ ತಿರುಗಿತೆಂದರೆ ಇಂಜಿನು ನಿರಪರಾಧಿ; ಹಿಡಿದುಕೊಂಡಿರುವುದು ಆಲ್ಟರ್ನೇಟರೋ ಏಸಿಯ ಕಂಪ್ರೆಸರೋ ಇರಬೇಕು. ಇಷ್ಟು ನೋಡದೆಯೇ ಇಂಜಿನು ಇಳಿಸಿದರೆ ವ್ಯರ್ಥ ವೆಚ್ಚ. ಆಗಲೂ ತಿರುಗದಿದ್ದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ತಿರುಗಿಸಬೇಕು. ನೀರಿದ್ದರೆ ಆ ತೂತುಗಳಿಂದ ಹೊರಬೀಳುತ್ತದೆ. ವರುಷಗಟ್ಟಲೆ ನಿಂತು ತುಕ್ಕು ಹಿಡಿದ ಇಂಜಿನಾದರೆ, ತುಕ್ಕು ಬಿಡಿಸುವ ಎಣ್ಣೆಯನ್ನು ಅಲ್ಲಿಯೇ ಬಿಟ್ಟು ಕೆಲವು ದಿನ ನೆನೆಸಿ, ಹಿಂದಕ್ಕೂ ಮುಂದಕ್ಕೂ ಮೃದುವಾಗಿ ಅಲುಗಿಸಿ ನೋಡಬಹುದು.

ಕೆಲವೊಮ್ಮೆ ಕಾದು ಹಿಡಿದುಕೊಂಡ ಇಂಜಿನು ಆರಿದ ಮೇಲೆ ತಾನಾಗಿಯೇ ಬಿಟ್ಟುಕೊಳ್ಳುವುದುಂಟು. ಬದುಕಿತೆಂದು ಹಿಗ್ಗಿ ಓಡಿಸಿಕೊಂಡು ಹೋಗಬಾರದು. ಒಳಗೆ ಗೀರು ಬಿದ್ದಿರಬಹುದು, ಹೆಡ್ಡು ಬಾಗಿರಬಹುದು.

ರೋಗ ನಿಶ್ಚಯವಾದ ಮೇಲೆ ಹಾದಿ ಮೂರು. ಒಂದು, ಇಂಜಿನು ಬಿಚ್ಚಿಸಿ ಬೋರು ಮಾಡಿಸುವುದು: ಲೇತಿನಲ್ಲಿ ಸಿಲಿಂಡರು ಕೊರೆಸಿ, ಕ್ರ್ಯಾಂಕು ಉಜ್ಜಿಸಿ, ಹೊಸ ಪಿಸ್ಟನ್ನು, ಬೇರಿಂಗು ಹಾಕಿಸುವುದು. ಎರಡು, ಬೇರೆ ಇಂಜಿನು ಕೂಡಿಸುವುದು. ಹಾಗೆ ಮಾಡಿದರೆ ಸಾರಿಗೆ ಕಚೇರಿಗೆ ತಿಳಿಸಿ ಹೊಸ ನಂಬರನ್ನು ಆರ್‌.ಸಿ.ಯಲ್ಲಿ ಬರೆಸಲೇಬೇಕು, ಕೆಎ-52 ಸಂಖ್ಯೆಯ ವಾಹನದವರಿಗೆ ಆ ಕಚೇರಿ ನೆಲಮಂಗಲದಲ್ಲಿಯೇ ಇದೆ. ಹಳೆಯ ಇಂಜಿನು ಕೊಳ್ಳುವವರು ಅದರ ಕಾಗದಪತ್ರ ಕೇಳಿ ಪಡೆಯಬೇಕು. ಕದ್ದ ಮಾಲಿನ ತಂಟೆ ಬೇಡ. ಮೂರು, ಇದ್ದಂತೆಯೇ ಮಾರುವುದು, ಇಲ್ಲವೆ ಸರ್ಕಾರದ ನೋಂದಣಿ ಪಡೆದ ಗುಜರಿ ಕೇಂದ್ರಕ್ಕೆ ಕೊಡುವುದು.

ಯಾವುದನ್ನು ಆರಿಸಬೇಕು? ಒಂದು ಕಾಗದದ ಮೇಲೆ ಮೂರು ಅಂಕಿ ಬರೆಯಿರಿ: ದುರಸ್ತಿಯಾದ ಮೇಲೆ ಕಾರಿಗೆ ಬರುವ ಬೆಲೆ, ದುರಸ್ತಿಯ ಖರ್ಚು, ಈಗಿರುವಂತೆಯೇ ಮಾರಿದರೆ ಸಿಗುವ ಹಣ. ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಮೂರನೆಯದಕ್ಕಿಂತ ಹೆಚ್ಚು ಉಳಿದರೆ ದುರಸ್ತಿ ಲಾಭಕರ. ಕಡಮೆಯಾದರೆ, ಆ ಕಾರು ಇನ್ನೆಷ್ಟು ವರ್ಷ ನಿಮ್ಮ ಮನೆಗೆ ದುಡಿದೀತು ಎಂಬುದನ್ನು ನೋಡಬೇಕು. 15 ವರ್ಷಕ್ಕೆ ನೋಂದಣಿ ನವೀಕರಿಸಬೇಕಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿಚ್ಚಿಸುವ ಮೊದಲೇ ಬಿಚ್ಚುವ ಕೂಲಿ ಎಷ್ಟೆಂದು ಕೇಳಿ, ಬಿಚ್ಚಿ ನೋಡಿದ ಮೇಲೆ ಪೂರ್ತಿ ಅಂದಾಜನ್ನು ಬರಹದಲ್ಲಿ ಪಡೆದು, ಆಮೇಲೆ ಒಪ್ಪಿಗೆ ಕೊಡಿ. ತೆಗೆದ ಹಳೆಯ ಭಾಗಗಳನ್ನು ತೋರಿಸಲು ಹೇಳಿ. ಸಾಮಾನ್ಯ ವಿಮೆಯಲ್ಲಿ ಯಂತ್ರದ ಕೆಡುಕಿಗೆ ಪರಿಹಾರವಿಲ್ಲ. ನೀರು ಹೊಕ್ಕು ಕೆಟ್ಟ ಇಂಜಿನಿಗೆ ಬಹುಮಟ್ಟಿಗೆ ಪ್ರತ್ಯೇಕ ಇಂಜಿನ್ ರಕ್ಷೆಯನ್ನು ಕೊಂಡಿರಬೇಕಾಗುತ್ತದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯಿದೆ. ಆಯಿಲಿನ ಕೆಂಪು ದೀಪ ಹೊತ್ತಿದಾಗ, ಶಾಖದ ಮುಳ್ಳು ಮೇಲೇರಿದಾಗ, "ಮುಂದಿನ ಊರು ಹತ್ತಿರ ತಾನೆ" ಎಂದು ಓಡಿಸುವ ಆ ಐದು ನಿಮಿಷವೇ ಇಂಜಿನಿಗೆ ಮೃತ್ಯು. ಕೂಡಲೆ ನಿಲ್ಲಿಸಿದವರು ಒಂದು ಡಬ್ಬ ಆಯಿಲಿನಲ್ಲಿಯೋ ಒಂದು ರಬ್ಬರು ಕೊಳವೆಯಲ್ಲಿಯೋ ಪಾರಾಗುವುದುಂಟು. ಪ್ರಯಾಣಕ್ಕೆ ಮುನ್ನ, ಬುತ್ತಿ ಕಟ್ಟುವಷ್ಟೇ ಶ್ರದ್ಧೆಯಿಂದ ಆ ಕಡ್ಡಿಯನ್ನೊಮ್ಮೆ ಎಳೆದು ನೋಡುವ ಅಭ್ಯಾಸ ಮನೆಯಲ್ಲಿರಲಿ.