ಕ್ವೇಸಾರ್ ಜ್ಯೋತಿಗಳಲ್ಲಿ ಆವರ್ತವಿಚಾರ

೧

ಗದ್ಯವು ವೃತ್ತಗಂಧಿ, ಚೂರ್ಣ, ಉತ್ಕಲಿಕಾಪ್ರಾಯ ಎಂದು ಮೂರು ಬಗೆಯೆಂಬುದಾಗಿ ವಾಮನನು ತನ್ನ ಕಾವ್ಯಾಲಂಕಾರಸೂತ್ರದಲ್ಲಿ ವಿಭಾಗಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇವುಗಳಲ್ಲಿ ವೃತ್ತಗಂಧಿಯು ಪದ್ಯವಲ್ಲ. ಆದರೂ ಅದರ ನಡುನಡುವೆ ಪದ್ಯಭಾಗದಂತೆ ಕಿವಿಗೆ ತೋರುವ ಖಂಡಗಳಿರುವುವು. ಅಂತಹ ಖಂಡವೊಂದನ್ನು ಕಂಡು ಇಡಿಯ ವಾಕ್ಯವನ್ನೇ ಪದ್ಯವೆಂದು ಭ್ರಮಿಸುವುದು ಸುಲಭ. ತಾರುಣ್ಯದಲ್ಲಿ ನಾನೂ ಹಾಗೆ ಭ್ರಮಿಸಿದವನು. ಶಿವಮೊಗ್ಗ ಸೀಮೆಯ ಸವೆದ ಶಾಸನವೊಂದರಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳು ಸರಿಯಾಗಿ ಬಂದುದನ್ನು ನೋಡಿ, ಇದು ಅಳಿದುಹೋದ ಕಂದಪದ್ಯವೆಂದು ನಿಶ್ಚಯಿಸಿ, ಲುಪ್ತಾಕ್ಷರಗಳನ್ನು ಊಹೆಯಿಂದ ತುಂಬಿದೆನು. ಬಳಿಕ ಕಲ್ಲನ್ನು ತೊಳೆದು ಓದಲಾಗಿ, ಮುಂದಿನ ಅಕ್ಷರಗಳು ಗದ್ಯವೇ ಆಗಿದ್ದುವು.

ಕಂದದ ಮೊದಲ ಪಾದಕ್ಕೆ ಬೇಕಾದುದು ಮೂರೇ ಗಣ. ಯಾವ ಗದ್ಯದಲ್ಲಿಯೂ ಅಷ್ಟು ಅಕಸ್ಮಾತ್ತಾಗಿ ಒದಗಬಹುದು. ಎರಡನೆಯ ಪಾದದ ಐದು ಗಣಗಳು, ವಿಷಮಸ್ಥಾನದಲ್ಲಿ ಜಗಣದ ನಿಷೇಧ, ಆರನೆಯ ಗಣ ಜಗಣವೋ ಸರ್ವಲಘುವೋ ಆಗಬೇಕೆಂಬ ನಿಯಮ, ಆದಿಪ್ರಾಸ ಇವೆಲ್ಲ ಕೂಡಿಬಂದರೆ ಮಾತ್ರ ಕಂದವು ಸಿದ್ಧವಾಗುವುದು. ಇದೇ ಪ್ರಶ್ನೆಯನ್ನು ಇಂದಿನ ಖಗೋಳವಿದರು ಅತಿದೂರದ ಕ್ವೇಸಾರುಗಳ ಬೆಳಕಿನ ವಿಷಯದಲ್ಲಿ ಎದುರಿಸುತ್ತಿರುವರು. ಆ ಬೆಳಕಿನ ಏರಿಳಿತವು ಪದ್ಯವೋ, ವೃತ್ತಗಂಧಿಯೋ ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

೨

ಕ್ವೇಸಾರೆಂದರೆ ನೋಟಕ್ಕೆ ನಕ್ಷತ್ರದಂತೆ ಬಿಂದುಮಾತ್ರವಾಗಿದ್ದರೂ ವಸ್ತುತಃ ದೂರದ ಗೆಲಾಕ್ಸಿಯೊಂದರ ಗರ್ಭದಲ್ಲಿ ಉರಿಯುವ ಜ್ಯೋತಿ. ೧೯೬೩ರಲ್ಲಿ ಮಾರ್ಟನ್ ಷ್ಮಿಟ್ಟರು ೩ಸಿ ೨೭೩ ಎಂಬ ಜ್ಯೋತಿಯ ವರ್ಣಪಟಲವನ್ನು ಪರೀಕ್ಷಿಸಿ, ಅದು ನಮ್ಮ ನಕ್ಷತ್ರಮಂಡಲದ್ದಲ್ಲವೆಂದು ತೋರಿಸಿದರು. ಅದರ ದೂರವು ಸುಮಾರು ೨೪೦ ಕೋಟಿ ಜ್ಯೋತಿರ್ವರ್ಷಗಳು. ಅದೇ ವರ್ಷ ಹಾರ್ಲನ್ ಸ್ಮಿತ್ ಮತ್ತು ಡಾರಿಟ್ ಹಾಫ್ಲೈಟ್ ಎಂಬವರು ಹಾರ್ವರ್ಡಿನ ಹಳೆಯ ಛಾಯಾಫಲಕಗಳನ್ನು ತೆಗೆದುನೋಡಿ, ಇದರ ಬೆಳಕು ದಶಕಗಳಿಂದ ಹೆಚ್ಚುಕಡಿಮೆಯಾಗುತ್ತ ಬಂದಿದೆಯೆಂದು ಕಂಡುಹಿಡಿದರು.

ಈ ಜ್ಯೋತಿಯ ಮೂಲವು ಕೃಷ್ಣರಂಧ್ರ, ಅಂದರೆ ಕಪ್ಪುಕುಳಿ. ಕೋಟ್ಯಂತರ ಸೂರ್ಯರ ತೂಕದ ಆ ಕುಳಿಯೊಳಕ್ಕೆ ಬೀಳುವ ಅನಿಲವು ಸುತ್ತಲೂ ತಟ್ಟೆಯಂತೆ ತಿರುಗುತ್ತ, ಕಾದು ಬೆಳಗುವುದು. ಬೀಳುವ ದ್ರವ್ಯ ಏಕರೀತಿಯದಲ್ಲವಾದುದರಿಂದ ಬೆಳಕೂ ಏಕರೀತಿಯದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸ ಆರಂಭಿಸಿದುದು. ನನ್ನ ಬಾಲ್ಯದಲ್ಲಿ ಬಂಧುಗಳ ಮನೆಗೆಂದು ಆ ಊರಿಗೆ ಹೋದಾಗ, ಇರುಳಿನ ಮೋಡಗಳ ಮೇಲೆ ಕುಲುಮೆಯ ಕೆಂಬೆಳಕು ಆಗಾಗ ಹರಡುವುದನ್ನು ನೋಡುತ್ತ ಕುಳಿತಿರುತ್ತಿದ್ದೆವು. ಮೂರು ಇರುಳು ಒಂದೇ ಹೊತ್ತಿಗೆ ಬೆಳಕು ಬಂದಿತೆಂದರೆ, ನಾಲ್ಕನೆಯ ಇರುಳೂ ಅದೇ ಹೊತ್ತಿಗೆ ಬರುವುದೆಂದು ಮಕ್ಕಳು ಪಂಥ ಕಟ್ಟುತ್ತಿದ್ದೆವು. ಕಟ್ಟಿದವರು ಬಹುಮಟ್ಟಿಗೆ ಸೋಲುತ್ತಿದ್ದರು.

೩

ಹಾಗಾದರೆ ಆವರ್ತವನ್ನು ಹುಡುಕುವುದೇಕೆ? ಗೆಲಾಕ್ಸಿಗಳು ಒಂದರೊಡನೊಂದು ಕೂಡುವುದುಂಟು. ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ತುಂಗೆ ಭದ್ರೆಗಳು ಸೇರಿ ಒಂದಾಗುವಂತೆ, ಅವುಗಳ ಗರ್ಭದ ಕೃಷ್ಣರಂಧ್ರಗಳೂ ಕಾಲಕ್ರಮದಲ್ಲಿ ಒಂದನ್ನೊಂದು ಸುತ್ತುತ್ತ ಸಮೀಪಿಸಿ, ಕಡೆಗೆ ಒಂದಾಗಬೇಕು. ಆದರೆ ಅಷ್ಟು ದೂರದ ಎರಡು ಕುಳಿಗಳನ್ನು ಬೇರೆಬೇರೆಯಾಗಿ ಕಾಣುವುದು ಸಾಮಾನ್ಯವಾಗಿ ಶಕ್ಯವಲ್ಲ. ಅವು ಸುತ್ತುತ್ತಿದ್ದರೆ ಬೆಳಕು ನಿಯತಕಾಲಕ್ಕೆ ಏರಿಳಿಯಬಹುದೆಂಬುದೇ ಉಳಿದಿರುವ ಲಿಂಗ, ತರ್ಕದ ಪರಿಭಾಷೆಯಲ್ಲಿ ಹೇತು. ಈ ಹೇತುವು ಸದ್ಧೇತುವೋ ಹೇತ್ವಾಭಾಸವೋ ಎಂಬುದರಲ್ಲಿಯೇ ವಿವಾದವೆಲ್ಲ ನಿಂತಿದೆ.

ಕವಡೆ ಹಾಕಿ, ಅದು ಮಗುಚಿ ಬಿದ್ದರೆ ಒಂದು ಹೆಜ್ಜೆ ಮುಂದೆ, ಅಂಗಾತ ಬಿದ್ದರೆ ಒಂದು ಹೆಜ್ಜೆ ಹಿಂದೆ ಇಡುವವನೊಬ್ಬನನ್ನು ಊಹಿಸೋಣ. ಅವನ ಇಂದಿನ ನೆಲೆಯು ನಿನ್ನೆಯ ನೆಲೆಯನ್ನು ಅವಲಂಬಿಸಿರುವುದರಿಂದ, ಅವನ ನಡೆಯಲ್ಲಿ ದೊಡ್ಡ ಅಲೆಗಳು ತಾವಾಗಿ ಏಳುವುವು. ನೋಡುವವನ ಕಣ್ಣು ಅವುಗಳಲ್ಲಿ ಎರಡು ಮೂರು ಆವರ್ತಗಳನ್ನು ಸುಲಭವಾಗಿ ಎಣಿಸುವುದು. ಕ್ವೇಸಾರುಗಳ ಬೆಳಕಿನ ನಡೆಯು ಬಹುಮಟ್ಟಿಗೆ ಇಂತಹುದೇ.

೨೦೧೫ರಲ್ಲಿ ಮ್ಯಾಥ್ಯೂ ಗ್ರೇಹಂ ಮೊದಲಾದವರು ಕ್ಯಾಟಲೀನಾ ಎಂಬ ಆಕಾಶಸರ್ವೇಕ್ಷಣೆಯಿಂದ ೨,೪೩,೫೦೦ ಕ್ವೇಸಾರುಗಳನ್ನು ಶೋಧಿಸಿ, ೧೧೧ರಲ್ಲಿ ಆವರ್ತದ ಲಕ್ಷಣವಿದೆಯೆಂದರು. ಅವುಗಳಲ್ಲಿ ಪ್ರಸಿದ್ಧವಾದುದು ಪಿಜಿ ೧೩೦೨-೧೦೨. ಅದರ ಆವರ್ತಕಾಲ ಸುಮಾರು ೧೮೮೪ ದಿನಗಳು. ಆದರೆ ಕ್ಯಾಟಲೀನಾದ ವೀಕ್ಷಣೆಗಳು ಒಂಬತ್ತು ವರ್ಷಗಳಷ್ಟರವು; ಅಷ್ಟರಲ್ಲಿ ಎರಡು ಆವರ್ತಗಳೂ ಪೂರ್ಣವಾಗಲಿಲ್ಲ. ಮರುವರ್ಷವೇ ಸೈಮನ್ ವಾನ್ ಮತ್ತು ಸಂಗಡಿಗರು, ಕವಡೆಯ ನಡೆಯಂತಹ ನಿಯಮರಹಿತ ಏರಿಳಿತವೂ ಇಷ್ಟು ಅಲ್ಪಾವಧಿಯಲ್ಲಿ ಇಂತಹುದೇ ಆಕಾರವನ್ನು ತೋರಬಲ್ಲುದೆಂದು ಪ್ರತಿಪಾದಿಸಿದರು. ಲಕ್ಷಾಂತರ ಜ್ಯೋತಿಗಳನ್ನು ಜಾಲಾಡಿದರೆ ಕೆಲವು ಹಾಗೆ ಕಾಣುವುದು ಅನಿವಾರ್ಯ; ಸಾವಿರಾರು ಪುಟಗಳ ಗದ್ಯವನ್ನು ಜಾಲಾಡಿದವನಿಗೆ ಕಂದದ ಮೊದಲ ಪಾದವು ಅಲ್ಲಲ್ಲಿ ಸಿಕ್ಕುವಂತೆ. ೨೦೧೮ರಲ್ಲಿ ಟಿಂಗ್‌ಟಿಂಗ್ ಲಿಯು ಮೊದಲಾದವರು ಹೊಸ ವೀಕ್ಷಣೆಗಳನ್ನು ಕೂಡಿಸಿನೋಡಲಾಗಿ, ಪಿಜಿ ೧೩೦೨ರ ಆವರ್ತಪಕ್ಷದ ಬಲವು ಕುಗ್ಗಿತು. ಆವರ್ತವು ನಿಜವಾದುದಾದರೆ ವೀಕ್ಷಣೆ ಬೆಳೆದಂತೆ ಅದರ ಬಲವೂ ಬೆಳೆಯಬೇಕಾಗಿತ್ತು.

೪

ಇದಕ್ಕಿಂತ ಗಟ್ಟಿಯಾದ ನಿದರ್ಶನವು ಓಜೆ ೨೮೭. ಇದು ಕ್ವೇಸಾರುಗಳಿಗೆ ದಾಯಾದಿಯಾದ ಬ್ಲೇಜಾರ್ ಎಂಬ ಜಾತಿಯದು. ಆಕಾಶದಲ್ಲಿ ಇದರ ಸ್ಥಾನ ಕರ್ಕಾಟಕದಲ್ಲಿ, ಪುಷ್ಯ ನಕ್ಷತ್ರದ ಸಮೀಪ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮೊದಲ್ಗೊಂಡ ಛಾಯಾಫಲಕಗಳಲ್ಲಿ ಇದು ದಾಖಲಾಗಿದೆ. ೧೯೮೮ರಲ್ಲಿ ಫಿನ್ಲೆಂಡಿನ ಸಿಲ್ಲನ್‌ಪಾ ಮೊದಲಾದವರು, ಇದು ಸುಮಾರು ೧೨ ವರ್ಷಕ್ಕೊಮ್ಮೆ ಉಜ್ಜ್ವಲವಾಗುವುದೆಂದು ಹೇಳಿ, ಮುಂದಿನದನ್ನೂ ಮೊದಲೇ ಸೂಚಿಸಿದರು. ೧೯೯೪ರಲ್ಲಿ ಅದು ಬಂದಿತು. ಗುರುಗ್ರಹದ ಭಗಣಕಾಲವೂ ಸುಮಾರು ಅಷ್ಟೇ ಎಂಬುದು ಬರಿಯ ಸಾಮ್ಯ. ಅದರಲ್ಲಿ ಬೇರೆ ಅರ್ಥವನ್ನು ಅರಸಬಾರದು.

ಮೌರಿ ವಾಲ್ಟೋನೆನ್ನರ ಮತದಲ್ಲಿ, ಇಲ್ಲಿ ೧೮೦೦ ಕೋಟಿ ಸೂರ್ಯರ ತೂಕದ ಕುಳಿಯೊಂದನ್ನು ಚಿಕ್ಕದೊಂದು ಸುತ್ತುತ್ತ, ಪ್ರತಿ ಸುತ್ತಿನಲ್ಲಿ ಎರಡು ಸಲ ದೊಡ್ಡದರ ತಟ್ಟೆಯನ್ನು ಭೇದಿಸುವುದು. ಚಿಕ್ಕದರ ಕಕ್ಷೆಯೂ ಪ್ರತಿ ಸುತ್ತಿಗೆ ಸುಮಾರು ೩೯ ಅಂಶದಷ್ಟು ತಿರುಗುವುದು. ಇದು ನಮ್ಮ ಸಿದ್ಧಾಂತಗಳ ಮಂದೋಚ್ಚಗತಿಯಂತಹುದು. ಸೂರ್ಯಸಿದ್ಧಾಂತವು ರವಿಯ ಮಂದೋಚ್ಚಕ್ಕೆ ಒಂದು ಕಲ್ಪದಲ್ಲಿ ೩೮೭ ಭಗಣಗಳನ್ನಷ್ಟೇ ಹೇಳಿರುವಾಗ, ಈ ಗತಿಯ ವೇಗವು ವಿಸ್ಮಯಕರ. ಇದರಿಂದ ಉಜ್ಜ್ವಲನಗಳ ನಡುವಣ ಕಾಲ ಸಮವಾಗಿರದಿದ್ದರೂ ಗಣಿತಕ್ಕೆ ಸಿಕ್ಕುವುದು. ೨೦೦೭ರ ಸೆಪ್ಟೆಂಬರಿನಲ್ಲಿಯೂ ೨೦೧೫ರ ಡಿಸೆಂಬರಿನಲ್ಲಿಯೂ ನಿರೀಕ್ಷಿಸಿದ್ದ ಬೆಳಕು ಕಾಣಿಸಿತು. ಮುಂಬಯಿಯ ಟಾಟಾ ಮೂಲಸಂಶೋಧನ ಸಂಸ್ಥೆಯ ಲಂಕೇಶ್ವರ ಡೇ ಮತ್ತು ಗೋಪಕುಮಾರರೂ ಪಾಲ್ಗೊಂಡು ಪರಿಷ್ಕರಿಸಿದ ಗಣಿತವು ಮುಂದಿನದನ್ನು ೨೦೧೯ರ ಜುಲೈ ೩೧ಕ್ಕೆ ಹೇಳಿತು. ಆಗ ಸೂರ್ಯನಿದ್ದುದು ಪುಷ್ಯದಲ್ಲಿ. ನಮ್ಮ ಮಲೆನಾಡಿನಲ್ಲಿ ಪುಷ್ಯಮಳೆಯ ಕಾಲ. ಮಳೆಯಿಲ್ಲದ ನಾಡಿನಲ್ಲಿಯೂ ಸೂರ್ಯನ ಸಾನ್ನಿಧ್ಯದಿಂದ ಅದು ಭೂಮಿಗೆ ಅಗೋಚರ. ಭೂಮಿಯಿಂದ ಬಹುದೂರದಲ್ಲಿದ್ದ ಸ್ಪಿಟ್ಜರ್ ದೂರದರ್ಶಕವು ಅದನ್ನು ನೋಡಿತು. ಗಣಿತಕ್ಕೂ ವೀಕ್ಷಣೆಗೂ ಇದ್ದ ಅಂತರ ಕೆಲವೇ ಗಂಟೆಗಳದು.

ಇಲ್ಲಿಗೆ ಕಥೆ ಮುಗಿದಿದ್ದರೆ ಸಿದ್ಧಾಂತವಾಯಿತೆನ್ನಬಹುದಾಗಿತ್ತು. ಆದರೆ ೨೦೨೨ರ ಅಕ್ಟೋಬರಿನಲ್ಲಿ ನಿರೀಕ್ಷಿತವಾಗಿದ್ದ ಉಜ್ಜ್ವಲನವು ಕಾಣಲಿಲ್ಲವೆಂದೂ, ದೊಡ್ಡ ಕುಳಿಯ ತೂಕ ೧೦ ಕೋಟಿ ಸೂರ್ಯರಷ್ಟೇ ಇರಬೇಕೆಂದೂ ಸ್ಟೆಫಾನಿ ಕೊಮೊಸ್ಸಾ ಮೊದಲಾದವರು ೨೦೨೩ರಲ್ಲಿ ವಾದಿಸಿದರು. ಪೂರ್ವಪಕ್ಷದವರು ತಮ್ಮ ಸಮಾಧಾನವನ್ನು ಹೇಳಿರುವರು.

೫

ಇಂತಹ ವಿವಾದವು ತೀರುವುದು ದೀರ್ಘಕಾಲದ ವೀಕ್ಷಣೆಯಿಂದಲೇ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕೇತುಗಳ ಉದಯಾಸ್ತಗಳು ಗಣಿತದಿಂದ ತಿಳಿಯತಕ್ಕವಲ್ಲವೆಂದು ನಿಸ್ಸಂಕೋಚವಾಗಿ ಹೇಳಿರುವನು. ಅವನ ಕಾಲಕ್ಕೆ ಅದು ಪ್ರಾಮಾಣಿಕವಾದ ಮಾತು. ೧೬೮೨ರ ಧೂಮಕೇತುವು ಮತ್ತೆ ಬರುವುದೆಂದು ಹ್ಯಾಲಿಯು ಹೇಳಿದಾಗಲೂ ಅದು ಊಹೆಯೇ. ೧೭೫೮ರ ಡಿಸೆಂಬರಿನಲ್ಲಿ ಅದು ಕಾಣಿಸಿಕೊಂಡ ಮೇಲೆಯೇ ಆವರ್ತವು ಸಿದ್ಧವಾಯಿತು. ಹ್ಯಾಲಿಯು ಅಷ್ಟರಲ್ಲಿ ಕಾಲವಾಗಿದ್ದನು.

ನಮ್ಮ ನಾಡಿನಲ್ಲಿಯೂ ಈ ಕಾರ್ಯಕ್ಕೆ ಸಾಧನವುಂಟು. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ಸುಮಾರು ೪೫೦೦ ಮೀಟರ್ ಎತ್ತರದಲ್ಲಿ ಸ್ಥಾಪಿಸಿರುವ ಎರಡು ಮೀಟರಿನ ದೂರದರ್ಶಕವನ್ನು ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುವರು. ಚಿಲಿಯಲ್ಲಿ ರೂಬಿನ್ ವೇಧಶಾಲೆಯು ೨೦೨೫ರಲ್ಲಿ ತನ್ನ ಮೊದಲ ಚಿತ್ರಗಳನ್ನು ಪ್ರಕಟಿಸಿತು. ಅದರ ಸರ್ವೇಕ್ಷಣೆಗೆ ಹತ್ತು ವರ್ಷಗಳ ಅವಧಿಯನ್ನು ಗೊತ್ತುಮಾಡಿರುವರು. ಆದರೂ ೧೨ ವರ್ಷದ ಆವರ್ತಕ್ಕೆ ಅದು ಒಂದು ಪಾದವೂ ಅಲ್ಲ. ಹಿಂದಿನವರ ಛಾಯಾಫಲಕಗಳನ್ನು ಕಾಪಾಡುವುದೂ ಮುಂದಿನವರಿಗೆ ನಮ್ಮ ಅಳತೆಗಳನ್ನು ಉಳಿಸುವುದೂ ಇದರಿಂದಲೇ ಅವಶ್ಯವಾಗಿವೆ.

ಸವೆದ ಕಲ್ಲಿನಲ್ಲಿ ಮೂರು ಗಣ ಕಂಡರೆ ನಾನು ಈಗ ಬರೆದುಕೊಳ್ಳುವುದು ಇಷ್ಟೇ: ‘ಕಂದವಿರಬಹುದು, ಆರನೆಯ ಗಣವನ್ನು ನೋಡಬೇಕು.’ ಓಜೆ ೨೮೭ರ ವಿಷಯದಲ್ಲಿಯೂ ಸದ್ಯಕ್ಕೆ ಹೇಳತಕ್ಕುದು ಅಷ್ಟೇ ಎಂದು ತೋರುವುದು.