ನೆರೆಹೊರೆಯ ಲೆಕ್ಕ, ಮುಯ್ಯಿಯ ಲೆಕ್ಕ

1950ರ ಜನವರಿ. ಅಮೆರಿಕದ ಸಾಂಟಾ ಮೋನಿಕಾದಲ್ಲಿರುವ ರ್‍ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ತಮ್ಮ ಬಳಗದ ಇಬ್ಬರನ್ನು ಕೂರಿಸಿ ಒಂದೇ ಆಟವನ್ನು ನೂರು ಸಲ ಆಡಿಸಿದರು. ಪ್ರತಿ ಸಲವೂ ಆಯ್ಕೆ ಎರಡೇ: ಕೈಜೋಡಿಸು, ಇಲ್ಲವೇ ಕೈಕೊಡು. ಎದುರಾಳಿ ಏನೇ ಮಾಡಲಿ, ಕೈಕೊಟ್ಟರೇ ಗಳಿಕೆ ಹೆಚ್ಚು; ಹಾಗಾಗಿ ಗಣಿತದ ಪ್ರಕಾರ ಇಬ್ಬರೂ ಕೈಕೊಡುತ್ತಲೇ ಹೋಗಬೇಕಿತ್ತು. ಆದರೆ 60 ಸಲ ಇಬ್ಬರೂ ಕೈಜೋಡಿಸಿದರು! ಇದೇ ಆಟಕ್ಕೆ ಆಲ್ಬರ್ಟ್ ಟಕರ್ ಇಬ್ಬರು ಕೈದಿಗಳ ಕಥೆ ಹೆಣೆದರು. ‘ಕೈದಿಗಳ ಇಕ್ಕಟ್ಟು’ ಎಂಬ ಹೆಸರು ನಿಂತಿತು.

ಮೂರು ದಶಕಗಳ ನಂತರ ರಾಬರ್ಟ್ ಆಕ್ಸೆಲ್‌ರಾಡ್ ಈ ಆಟದಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳ ಪಂದ್ಯ ನಡೆಸಿದರು. ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ ಪುಟ್ಟ ಪ್ರೋಗ್ರಾಂ. ಮೊದಲು ಕೈಜೋಡಿಸುವುದು, ಆಮೇಲೆ ಎದುರಾಳಿ ಮಾಡಿದ್ದನ್ನೇ ಮಾಡುವುದು. ನಮ್ಮ ಮಾತಿನಲ್ಲಿ ಮುಯ್ಯಿಗೆ ಮುಯ್ಯಿ. ಇಂದು ನನ್ನ ಗದ್ದೆಯ ನಾಟಿಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು ಎನ್ನುವ ಮುಯ್ಯಾಳಿನ ಲೆಕ್ಕವೂ ಇದೇ.

ಆದರೆ ಮುಯ್ಯಿಗೆ ನೆನಪು ಬೇಕು. ನೆನಪೇ ಇಲ್ಲದ ಜೀವಿಗಳಲ್ಲಿ ಸಹಕಾರ ಹುಟ್ಟುವುದು ಹೇಗೆ?

1992ರಲ್ಲಿ ಆಕ್ಸ್‌ಫರ್ಡ್‌ನ ಮಾರ್ಟಿನ್ ನೊವಾಕ್ ಮತ್ತು ರಾಬರ್ಟ್ ಮೇ ಕಂಪ್ಯೂಟರಿನೊಳಗೆ ಆಟಗಾರರನ್ನು ಚದುರಂಗದ ಮನೆಗಳಲ್ಲಿರುವಂತೆ ಕೂರಿಸಿದರು. ಎಲ್ಲರಿಗೂ ಸುತ್ತಲಿನವರೊಂದಿಗಷ್ಟೇ ಆಟ. ಪ್ರತಿ ಸುತ್ತಿನ ಕೊನೆಗೆ ಅವರಲ್ಲಿ ಹೆಚ್ಚು ಗಳಿಸಿದವರ ಅನುಕರಣೆ. ಅಷ್ಟಕ್ಕೇ ಸಹಕಾರಿಗಳು ಗುಂಪುಗಟ್ಟಿ ಉಳಿದುಕೊಂಡರು. ಗುಂಪಿನ ನಡುವೆ ಇರುವವರಿಗೆ ಮೋಸಗಾರರ ಸೋಂಕೇ ಇಲ್ಲವಲ್ಲ! ಪರದೆಯ ಮೇಲೆ ಜಮಖಾನದಂಥ ಚಿತ್ತಾರ ಅರಳಿತು.

ಮರುವರ್ಷವೇ ಬರ್ನಾರ್ಡೊ ಹ್ಯೂಬರ್ಮನ್ ಮತ್ತು ನಟಾಲಿ ಗ್ಲಾನ್ಸ್ ತಕರಾರು ತೆಗೆದರು. ಎಲ್ಲರೂ ಒಟ್ಟಿಗೇ ಬದಲಾಗುವ ಬದಲು ಒಬ್ಬೊಬ್ಬರಾಗಿ ಬದಲಾದರೆ ಆ ಚಿತ್ತಾರ ಅಳಿಸಿಹೋಗುತ್ತಿತ್ತು. ಗಟ್ಟಿ ಸೂತ್ರ ಸಿಕ್ಕಿದ್ದು 2006ರಲ್ಲಿ, ಹಿಸಾಶಿ ಒಟ್ಸುಕಿ, ನೊವಾಕ್ ಮತ್ತು ಸಂಗಡಿಗರಿಂದ. ಕೆಲವು ಷರತ್ತುಗಳಡಿ, ಸಹಕಾರ ಗೆಲ್ಲಬೇಕಾದರೆ ನೆರವಿನ ಫಲವನ್ನು ಅದರ ಖರ್ಚಿನಿಂದ ಭಾಗಿಸಿದರೆ ಬರುವ ಸಂಖ್ಯೆ ನೆರೆಯವರ ಸಂಖ್ಯೆಗಿಂತ ದೊಡ್ಡದಿರಬೇಕು. ನಾಲ್ವರು ನೆರೆಯವರಿದ್ದರೆ, ಒಂದು ರೂಪಾಯಿಯ ನೆರವು ಪಡೆದವರಿಗೆ ನಾಲ್ಕು ರೂಪಾಯಿಗೂ ಮಿಕ್ಕಿ ಫಲಿಸಬೇಕು. ಬಳಗ ಹಿಗ್ಗಿದಷ್ಟೂ ಸಹಕಾರ ದುಬಾರಿ.

ಮನುಷ್ಯರು? 2012ರಲ್ಲಿ ಸ್ಪೇನ್‌ನ ಸಂಶೋಧಕರು 1,229 ಮಂದಿಯನ್ನು ಎರಡು ಬಗೆಯ ಜಾಲಗಳಲ್ಲಿ ಕೂರಿಸಿ ಆಡಿಸಿದ ಪ್ರಯೋಗ ಪ್ರಕಟವಾಯಿತು. ಜಾಲದ ವಿನ್ಯಾಸ ಬದಲಾದರೂ ಸಹಕಾರ ಹೆಚ್ಚಲಿಲ್ಲ. ಕಾರಣ ಸರಳ: ಪಕ್ಕದವರು ಎಷ್ಟು ಗಳಿಸಿದರೆಂದು ಆಟಗಾರರು ನೋಡಲೇ ಇಲ್ಲ. ಕಳೆದ ಸುತ್ತಿನಲ್ಲಿ ಎಷ್ಟು ಮಂದಿ ಕೈಜೋಡಿಸಿದರು, ತಾವೇನು ಮಾಡಿದ್ದೆವು ಎಂಬುದನ್ನು ನೋಡಿ ಆಡಿದರು. ನೆನಪನ್ನು ಹೊರಗಿಟ್ಟು ಕಟ್ಟಿದ ಲೆಕ್ಕದೊಳಕ್ಕೆ ಮನುಷ್ಯರು ಮುಯ್ಯಿಯನ್ನು ಕಟ್ಟಿಕೊಂಡೇ ಬಂದಿದ್ದರು.